ಉಪ್ಪು ಮೀನಿನ ಭರಣಿಯ ನೀರು

ಕಿರ್ರ್... ಕಿರ್ರ್... ಟಪ್. ಬಾವಿಯ ರಾಟೆ ಎರಡು ಸಲ ಅತ್ತು ಕೊಡಪಾನ ಕಟ್ಟೆಗೆ ಬಡಿದರೆ ಗಿರಿಜತ್ತಿಗೆ ಎದ್ದಿದ್ದಾಳೆ, ತರಕಾರಿಗೆ ನೀರು ಹೊಯ್ಯುತ್ತಿದ್ದಾಳೆ ಎಂದು ಅರ್ಥ. ಆ ಸದ್ದು ನಮ್ಮ ಮನೆಯಲ್ಲಿ ನಿಂತುಹೋದದ್ದು ನನ್ನಿಂದ. ಬಸಳೆ ಚಪ್ಪರವನ್ನು ಕೊಂದವಳು ನಾನು. ಕೊಂದವಳು ಅವಳು ಎಂದು ಹೇಳಿದವಳೂ ನಾನೇ. ಗಂಡನಿಗೆ ಹೇಳಲಿಲ್ಲ, ಮಕ್ಕಳಿಗೆ ಹೇಳಲಿಲ್ಲ — ಈಗ, ಈ ಮುದಿ ವಯಸ್ಸಿನಲ್ಲಿ, ಬರೆಯುತ್ತಿದ್ದೇನೆ.

ಅದು ಮಹಾಯುದ್ಧದ ಕಾಲ. ಕದ್ರಿ ಗುಡ್ಡದ ಕೆಳಗೆ ನಮ್ಮ ಮನೆ. ಅಕ್ಕಿ ಸಿಕ್ಕುವುದೇ ಕಷ್ಟ. ತಟ್ಟೆ ತುಂಬಿಸುತ್ತಿದ್ದದ್ದು ಅತ್ತಿಗೆಯ ಹಿತ್ತಿಲು. ಅಣ್ಣನನ್ನು ಮದುವೆಯಾಗಿ ಬಂದ ನಾಲ್ಕು ವರ್ಷಗಳಲ್ಲಿ ಆ ಕೆಂಪು ಮುರಕಲ್ಲಿನ ನೆಲದಲ್ಲಿ ಅವಳು ಹರಿವೆ, ಬೆಂಡೆ, ಅಲಸಂಡೆ ಎಲ್ಲ ಎಬ್ಬಿಸಿದ್ದಳು. ಏಪ್ರಿಲ್ ಬಿಸಿಲಿಗೆ ಬುಡಕ್ಕೆ ತರಗೆಲೆ ಹೊದೆಸುವಳು, ಎಳೆ ಸಸಿಗೆ ತೆಂಗಿನ ಮಡಲಿನ ನೆರಳು ಕೊಡುವಳು. ನೀರು ಸೂರ್ಯ ಏಳುವ ಮೊದಲು, ಇಲ್ಲವೇ ಇಳಿದ ಮೇಲೆ. "ನಡು ಮಧ್ಯಾಹ್ನ ನೀರು ಕೊಟ್ಟರೆ ಬೇರು ಬೇಯ್ತದೆ. ನೀನು ಗಂಜಿಯ ಹಂಡೆಯಲ್ಲಿ ಕೂತ್ಕೊಳ್ತೀಯಾ ಬೇಬಿ?" ಎನ್ನುವಳು. ಅವಳ ಬಸಳೆ ಮಾತ್ರ — ಎಲೆಯೊಂದು ನನ್ನ ಅಂಗೈಯಷ್ಟು! "ಇದು ನಿನ್ನ ಕಾನ್ವೆಂಟಿನ ಸಿಸ್ಟರಿಗಿಂತ ಜೋರು ಮಾರಾಯ್ತಿ. ಒಂದು ದಿನ ನೀರು ತಪ್ಪಿದರೆ ಮೋರೆ ಊದಿಸ್ತದೆ." ನೆರೆಯವರೆಲ್ಲ ಅವಳ ಕೈಗುಣ ಎನ್ನುತ್ತಿದ್ದರು. ಮಕ್ಕಳಾಗದ ಹೆಂಗಸಿಗೆ ಆ ಮನೆಯಲ್ಲಿ ಇದ್ದ ಮರ್ಯಾದೆ ಅದೊಂದೇ, ಆ ಕೈಗುಣ. ಅದು ನನಗೆ ಆಗ ತಿಳಿದಿರಲಿಲ್ಲ. ಇಲ್ಲ — ತಿಳಿದಿತ್ತು. ಹದಿನಾಲ್ಕು ವರ್ಷದ ಹುಡುಗಿಗೆ ಅಷ್ಟು ತಿಳಿಯುತ್ತದೆ.

ಕಾನ್ವೆಂಟಿನಲ್ಲಿ ಸಿಸ್ಟರ್ ಬೇಸಿಗೆ ರಜೆಗೆಂದು ಪ್ರತಿಯೊಬ್ಬಳಿಗೂ ಮನೆಯಲ್ಲಿ ಒಂದು ಕಿಚನ್ ಗಾರ್ಡನ್ ಮಾಡಲು ಹೇಳಿದ್ದರು. ಮನೆಗೇ ಬಂದು ನೋಡಿ ಪ್ರೈಜ್ ಕೊಡುತ್ತಾರೆಂದು. ಮಣ್ಣು ಮುಟ್ಟದ ನಾನು "ಮೈ ಓನ್ ಗಾರ್ಡನ್, ಸಿಸ್ಟರ್" ಎಂದು ಬಸಳೆ ಚಪ್ಪರವನ್ನು ನನ್ನದೆಂದುಬಿಟ್ಟೆ. ಸೋಮವಾರ ಬರುತ್ತೇನೆ ಎಂದರು. ಬುಧವಾರ ಅತ್ತಿಗೆ ತಿಂಗಳ ರಜೆಗೆ ಹೊರಗೆ ಕೂತಳು. ಆ ಮೂರು ದಿನ ಅವಳು ಹಿಂದಿನ ಜಗಲಿ ಬಿಟ್ಟು ಇಳಿಯಬಾರದು, ಗಿಡ ಮುಟ್ಟಬಾರದು — ಮುಟ್ಟಾದವರು ಮುಟ್ಟಿದರೆ ಬಳ್ಳಿ ಸಾಯುತ್ತದೆಂದು ನಂಬಿಕೆ. ನೀರಿನ ಕೆಲಸ ನನಗೆ ಬಂತು.

ಮೀನಿನ ಗೊಬ್ಬರ ಬೆಸ್ಟ್ ಎಂದು ಸಿಸ್ಟರ್ ಹೇಳಿದ್ದರು. ಅತ್ತಿಗೆಯೂ ಹಸಿ ಮೀನು ತೊಳೆದ ನೀರನ್ನು ಬಸಳೆಯ ಬುಡಕ್ಕೆ ಹೊಯ್ಯುವುದನ್ನು ನೋಡಿದ್ದೆ. ಆ ವಾರ ಹಸಿ ಮೀನು ಬರಲಿಲ್ಲ. ಮಳೆಗಾಲಕ್ಕೆಂದು ಉಪ್ಪು ಹಾಕಿಟ್ಟ ಬಂಗುಡೆಯ ಭರಣಿ ಅಟ್ಟದ ಕೆಳಗಿತ್ತು. ಅದರಲ್ಲಿ ಬಿಟ್ಟುಕೊಂಡ ನೀರು — ಕಪ್ಪಗೆ, ದಪ್ಪಗೆ. ಮೀನಿನ ನೀರೇ ಅಲ್ಲವೇ? ಕ್ಲಾಸಿಗೆ ಫಸ್ಟ್ ಬರುತ್ತಿದ್ದ ನನಗೆ ಉಪ್ಪಿನ ನೆನಪಾಗಲಿಲ್ಲ. ಮೂರು ಮಧ್ಯಾಹ್ನ, ಎಲ್ಲರೂ ಮಲಗಿದಾಗ, ತೆಂಗಿನ ಚಿಪ್ಪಿನಲ್ಲಿ ತೋಡಿ ತೋಡಿ ಬುಡಕ್ಕೆ ಹೊಯ್ದೆ. ಕೈಯ ವಾಸನೆ ಹೋಗಲೆಂದು ಕಾನ್ವೆಂಟಿನಲ್ಲಿ ಕೊಟ್ಟಿದ್ದ ಸಾಬೂನು ಸವೆಯುವ ತನಕ ತಿಕ್ಕಿದೆ.

ಶನಿವಾರ ಬೆಳಗ್ಗೆ ಚಪ್ಪರ ಬಿಸಿನೀರಲ್ಲಿ ಅದ್ದಿ ತೆಗೆದ ಹಾಗೆ ಜೋತುಬಿದ್ದಿತ್ತು.

ಮಿಂದು ಒಳಗೆ ಬಂದ ಅತ್ತಿಗೆ ಒದ್ದೆ ಕೂದಲಲ್ಲೇ ಅಲ್ಲಿಗೆ ಓಡಿದಳು. ಬುಡದ ಮಣ್ಣನ್ನು ಬೆರಳಲ್ಲಿ ಕೆದಕಿ ಮೂಗಿನ ಹತ್ತಿರ ಹಿಡಿದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅಷ್ಟರಲ್ಲಿ ಅಮ್ಮ ಅಂಗಳಕ್ಕೆ ಇಳಿದರು. "ಎಂತ ಮಾಡಿದ್ದು ನೀನು? ಹೊರಗೆ ಕೂತವಳು ಬಂದು ಮುಟ್ಟಿದೆಯಾ?"

"ಮುಟ್ಟಲಿಲ್ಲ ಅತ್ತೆ. ಜಗಲಿ ಇಳಿಯಲಿಲ್ಲ."

"ಹಾಗಾದರೆ ಬಸಳೆ ತಾನೇ ಸತ್ತದ್ದಾ? ನಾಲ್ಕು ವರ್ಷದಿಂದ ನಿನ್ನ ಹೊಟ್ಟೆಯಲ್ಲಿ ಎಂತದೂ ಹುಟ್ಟಲಿಲ್ಲ. ಈಗ ಹುಟ್ಟಿದ್ದೂ ಸಾಯ್ತಾ ಉಂಟು." ಅಮ್ಮ ನನ್ನತ್ತ ತಿರುಗಿದರು. "ಬೇಬಿ, ನೀನು ಇಲ್ಲೇ ಇದ್ದೆಯಲ್ಲ. ಇವಳು ಮುಟ್ಟಿದ್ದು ನೋಡಿದ್ದೀಯಾ?"

ಅತ್ತಿಗೆ ನನ್ನನ್ನು ನೋಡಿದಳು. ಬೆರಳಲ್ಲಿ ಮಣ್ಣು ಇನ್ನೂ ಇತ್ತು. ಒಂದು ಮಾತು ಸಾಕಿತ್ತು — ಬೈಗುಳ, ಹೆಚ್ಚೆಂದರೆ ಎರಡು ಪೆಟ್ಟು, ಹೋದ ಒಂದು ಪ್ರೈಜ್. ಅಷ್ಟೇ ನನ್ನ ನಷ್ಟ.

"ಹೌದಮ್ಮ, ನೋಡಿದೆ," ಎಂದೆ.

ಅವಳು ಬೆರಳಿನ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ಭರಣಿಯ ಮುಚ್ಚಳ ತೆಗೆದು ತೋರಿಸಬಹುದಿತ್ತು. ಯಾಕೆ ತೋರಿಸಲಿಲ್ಲ? ನನ್ನನ್ನು ಉಳಿಸಲಿಕ್ಕೆಂದು ಬಹಳ ವರ್ಷ ಅಂದುಕೊಂಡೆ. ಅದು ನನಗೆ ಹಿತವಾದ ಉತ್ತರ. ಈಗ ಅನ್ನಿಸುವುದೇ ಬೇರೆ — ಆ ಮನೆಯಲ್ಲಿ ಅವಳ ಮಾತನ್ನು ಯಾರೂ ನಂಬುವುದಿಲ್ಲವೆಂದು ನನ್ನ "ಹೌದು" ಅವಳಿಗೆ ತಿಳಿಸಿಕೊಟ್ಟಿತು.

ಕೈಗುಣ ಹೋಯಿತು ಎಂದರು. ಹೋದದ್ದಲ್ಲ, ಇರಲೇ ಇಲ್ಲ ಎಂದರು ಆಮೇಲೆ. ಅಣ್ಣ ಆಫೀಸಿಗೆ ಹೋಗುತ್ತಿದ್ದ, ಬರುತ್ತಿದ್ದ. "ಎರಡು ತಿಂಗಳು ತವರಿನಲ್ಲಿ ಇದ್ದು ಬರಲಿ" ಎಂದು ಅಮ್ಮ ಹೇಳಿ ಕಳಿಸಿದರು. ಎರಡು ತಿಂಗಳಾದ ಮೇಲೆ ಯಾರೂ ಕರೆಯಲಿಲ್ಲ. ಮರು ವರ್ಷ ಅಣ್ಣನಿಗೆ ಬೇರೆ ಮದುವೆ. ನಾನು ಹೊಸ ಸೀರೆ ಉಟ್ಟು ಆರತಿ ಹಿಡಿದೆ. ಮೂರು ವರ್ಷದ ಮೇಲೆ ಅವಳು ಜ್ವರದಲ್ಲಿ ತೀರಿಕೊಂಡ ಸುದ್ದಿ ಬಂದಾಗ ಮನೆಯಲ್ಲಿ ಆದ ಚರ್ಚೆ, ನಮಗೆ ಸೂತಕ ಉಂಟೋ ಇಲ್ಲವೋ ಎಂಬುದು. ಇಲ್ಲ ಎಂದು ತೀರ್ಮಾನವಾಯಿತು. ಮಧ್ಯಾಹ್ನ ಮೀನು ಸಾರಿತ್ತು, ಉಂಡೆ.

ಸಿಸ್ಟರ್ ಬಂದದ್ದು, ಒಣಗಿದ ಚಪ್ಪರ ನೋಡಿ "ಪೂರ್ ಚೈಲ್ಡ್" ಎಂದು ನನ್ನ ತಲೆ ಸವರಿದ್ದು — ಅದನ್ನೂ ಬರೆಯಬೇಕು. ಆ ಕನಿಕರವನ್ನು ನಾನು ತೆಗೆದುಕೊಂಡೆ. ಕ್ಷಮೆ ಕೇಳಲು ಈಗ ಯಾರೂ ಉಳಿದಿಲ್ಲ, ಓದುವ ನಿಮ್ಮಿಂದ ಅದು ಸಿಕ್ಕಿದರೂ ನನ್ನದಾಗದು.

ಅವಳು ಹೊರಟ ದಿನ ನೇತ್ರಾವತಿ ಹೊಳೆಯ ದೋಣಿ ಕಡವಿನವರೆಗೆ ನನ್ನನ್ನೂ ಕಳಿಸಿದ್ದರು. ಕರೆದೊಯ್ಯಲು ಬಂದಿದ್ದ ಅವಳ ಅಣ್ಣ ಗಂಟು ಹೊತ್ತು ಮುಂದೆ ದೋಣಿ ಹತ್ತಿದ. ಅವಳ ಕೈಯಲ್ಲಿದ್ದದ್ದು ಒದ್ದೆ ಬಟ್ಟೆ ಸುತ್ತಿದ ಗೇಣುದ್ದದ ಬಸಳೆ ದಂಟು, ಚಪ್ಪರದ ತುದಿಯಲ್ಲಿ ಉಳಿದಿದ್ದ ಒಂದೇ ಹಸಿ ತುಂಡು. ಹತ್ತುವ ಮೊದಲು ನನ್ನ ಬಲಗೈ ಹಿಡಿದಳು. ಮುಷ್ಟಿ ಬಿಡಿಸಿ, ಅಂಗೈಯನ್ನು ಮೂಗಿನ ಹತ್ತಿರ ತಂದಳು.

"ವಾಸನೆ ಹೋಗಿದೆ," ಎಂದಳು. "ಒಳ್ಳೆ ಸಾಬೂನು ನಿಮ್ಮ ಕಾನ್ವೆಂಟಿನದ್ದು."

ದೋಣಿ ದಡ ಬಿಟ್ಟಿತು. ನಡು ಮಧ್ಯಾಹ್ನದ ಬಿಸಿಲು. ತಿರುಗಿ ನೋಡುತ್ತಾಳೆಂದು ನಿಂತೇ ಇದ್ದೆ. ಅವಳು ತಲೆಯ ಮೇಲಿನ ಸೆರಗನ್ನು ಎಳೆದು ಮಡಿಲಲ್ಲಿದ್ದ ಬಸಳೆ ದಂಟಿಗೆ ನೆರಳು ಮಾಡಿದಳು, ಬರೀ ತಲೆಯಲ್ಲಿ ಆಚೆ ದಡಕ್ಕೆ ಮುಖ ಮಾಡಿ ಕೂತಳು.