ಹನ್ನೊಂದನೆಯ ಬಿಲ್ಲೆ

ಮೋನುಚ್ಚ ಜನರನ್ನು ಕಣ್ಣಿನಿಂದ ಎಣಿಸುತ್ತಿರಲಿಲ್ಲ, ಕೈಯಿಂದ ಎಣಿಸುತ್ತಿದ್ದರು. ದೋಣಿ ಹೊರಡುವ ಮೊದಲು ಒಮ್ಮೆ, ಎಲ್ಲರೂ ನೀರಿನಿಂದ ಮೇಲೆ ಬಂದ ಬಳಿಕ ಇನ್ನೊಮ್ಮೆ, ಒಬ್ಬೊಬ್ಬರ ನೆತ್ತಿಯ ಮೇಲೂ ಅಂಗೈ ಊರಿ ಸಂಖ್ಯೆ ಹೇಳಿ ಮುಂದಿನ ತಲೆಗೆ ಹೋಗುತ್ತಿದ್ದರು. ಹೆಂಗಸರಾದರೆ ಟಾರ್ಚಿನ ತುದಿಯನ್ನು ಭುಜಕ್ಕೆ ತಾಗಿಸುತ್ತಿದ್ದರು. ಕುವೈತಿನ ಶರ್ಕ್ ಪೇಟೆಯ ಬ್ಯಾಂಕಿನ ದೊಡ್ಡ ಸಾಹೇಬರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಹದಿನಾರು ಜನರಿದ್ದರೆ ಹದಿನಾರು ತಲೆ ಮುಟ್ಟಿ, ಕೊನೆಗೆ ದೋಣಿ ಓಡಿಸುವ ಸೈದುವಿನ ಕಡೆ ತಿರುಗಿ ‘ಹದಿನೇಳು’ ಎನ್ನುತ್ತಿದ್ದರು. ಸೈದು ತಲೆ ತಗ್ಗಿಸುತ್ತಿದ್ದ. ತಮ್ಮನ್ನೂ ಸೇರಿಸಿ ಎಣಿಸುತ್ತಾರೆಂದು ನಾವೆಲ್ಲ ತಿಳಿದಿದ್ದೆವು.

ಅವರು ಉಳ್ಳಾಲದವರು. ಐವತ್ತು ದಾಟಿದ ಗಿಡ್ಡ ಆಳು. ನೀರು ಹೊಕ್ಕು ಹೊಕ್ಕು ಒಂದು ಕಿವಿ ಮಂದವಾಗಿತ್ತು, ಹಾಗಾಗಿ ಗುಟ್ಟಿನ ಮಾತನ್ನೂ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಕುಬ್ಬರ್ ದ್ವೀಪದ ಹತ್ತಿರ ರಾತ್ರಿ ಜನರನ್ನು ನೀರಿಗಿಳಿಸಿ ಮಂಟಾ ತೋರಿಸುವುದು ಅವರ ಕೆಲಸ. ಮಂಟಾ ಎಂದರೆ ಅವರ ಊರಿನ ಬಾಯಲ್ಲಿ ಕೊಂಬು ತೊರಕೆ. ಬಾಲದಲ್ಲಿ ಮುಳ್ಳಿಲ್ಲದ, ಮನುಷ್ಯನ ಗೊಡವೆಗೆ ಬಾರದ ದೊಡ್ಡ ಮೀನು. ಇಲ್ಲಿನ ಕಡಲಲ್ಲಿ ಅದು ಅಪರೂಪ. ಜಾಹೀರಾತು ಏನೇ ಹೇಳಲಿ, ಮೋನುಚ್ಚ ಮೊದಲೇ ಹೇಳಿಬಿಡುತ್ತಿದ್ದರು: “ಬರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಅದು ನಮ್ಮ ಸಂಬಳದ ಆಳಲ್ಲ.”

ದೋಣಿಯ ಚುಕ್ಕಾಣಿ ಚಕ್ರದ ಪಕ್ಕದಲ್ಲಿ ಒಂದು ಹಲಗೆ, ಅದರಲ್ಲಿ ಹದಿನಾರು ಮೊಳೆ. ಹಾಲಿನ ಪುಡಿಯ ಡಬ್ಬದ ಮುಚ್ಚಳ ಕತ್ತರಿಸಿ, ಬಣ್ಣದಲ್ಲಿ ಸಂಖ್ಯೆ ಬರೆದು, ರಬ್ಬರ್ ಪಟ್ಟಿ ಕಟ್ಟಿದ ಬಿಲ್ಲೆಗಳು. ನೀರಿಗೆ ಇಳಿಯುವವನು ತನ್ನ ಬಿಲ್ಲೆಯನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಕು, ಮೇಲೆ ಬಂದು ಮತ್ತೆ ಮೊಳೆಗೆ ಸಿಕ್ಕಿಸಬೇಕು. ಖಾಲಿ ಮೊಳೆ ಇದ್ದರೆ ಒಬ್ಬರು ಇನ್ನೂ ನೀರಿನಲ್ಲಿದ್ದಾರೆ ಎಂದರ್ಥ. “ಸಂಖ್ಯೆ ನೆನಪಿಟ್ಕೊಳ್ಳಿ. ಕಡಲಿಗೆ ನಿಮ್ಮ ಹೆಸರು, ಹುದ್ದೆ ಎಂತದೂ ಗೊತ್ತಿಲ್ಲ,” ಎನ್ನುತ್ತಿದ್ದರು.

ನನ್ನದು ಹನ್ನೆರಡು. ಹನ್ನೊಂದು ನಮ್ಮ ಮ್ಯಾನೇಜರ್ ಮೂರ್ತಿಯದು.

ಈ ಮೂರ್ತಿಯ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಮಿರ್ಕಾಬ್‌ನ ನಮ್ಮ ಆಫೀಸಿನಲ್ಲಿ ನನ್ನ ಮೇಲಿನವನು, ಮೈಸೂರಿನವನು. ನಾನು ದಾವಣಗೆರೆಯವನು. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ನಾನು ದೇಶ ಬಿಟ್ಟು ಊರಿಗೆ ಹೋಗಲು ಬೇಕಾದ ಎಕ್ಸಿಟ್ ಪರ್ಮಿಟ್‌ಗೆ ಅರ್ಜಿ ಹಾಕಿದೆ. ನಮ್ಮ ಆಫೀಸಿನಲ್ಲಿ ಅದು ಅವನ ಒಪ್ಪಿಗೆಯಿಲ್ಲದೆ ಮುಂದೆ ಹೋಗದು. ಟೆಂಡರಿನ ಫೈಲು ಮುಗಿಯಲಿ ಎಂದು ಮೂರು ದಿನ ಹಾಗೇ ಇಟ್ಟುಕೊಂಡ. ಮೂರನೆಯ ದಿನ ನಾನು ಅವನ ಮೇಜಿನ ಮುಂದೆ ಹೋಗಿ ನಿಂತೆ. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಅವನು ಹೇಳಿದ: “ನೀನು ಹೋಗಿ ನಿಂತ್ರೆ ಅವ್ರು ಎದ್ದು ಕೂತ್ಕೊಂಡ್ಬಿಡ್ತಾರೇನಪ್ಪ?” ನಾಲ್ಕನೆಯ ದಿನ ಅಮ್ಮನ ಅಂತ್ಯಸಂಸ್ಕಾರವನ್ನು ಆಫೀಸಿನ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ನೋಡಿದೆ. ಕೊನೆಯವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳು ಎಂದು ಅಕ್ಕ ಹೇಳಿದಳು. ಅಂದಿನಿಂದ ಅವನ ಪಕ್ಕದಲ್ಲಿ ಕೂತು ಕೆಲಸ ಮಾಡಿದೆ, ಅವನು ನಕ್ಕಾಗ ನಕ್ಕೆ. ಹಲ್ಲು ಕಚ್ಚಿಕೊಂಡು ಬದುಕುವುದು ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಐದು ತಿಂಗಳ ನಂತರ ಒಂದು ಗುರುವಾರ ಸಂಜೆ ಆಫೀಸಿನವರನ್ನೆಲ್ಲ ಮಂಟಾ ನೋಡಲು ಕರೆದೊಯ್ದರು. ಮೋನುಚ್ಚ ಬಿಲ್ಲೆ ಹಂಚಿ ಆಚೆ ಹೋದದ್ದೇ ತಡ, ಮೂರ್ತಿ ತನ್ನದನ್ನು ಬಿಚ್ಚಿ ನನ್ನತ್ತ ಚಾಚಿದ. “ಕೈ ಕಡಿಯತ್ತೆ ಕಣಯ್ಯ, ನೀನಿಟ್ಕೋ.” ಆಫೀಸಿನಲ್ಲಿ ಅವನ ಕೊಡೆ, ಬ್ಯಾಗು, ಊಟದ ಡಬ್ಬ ಎಲ್ಲ ಹಿಡಿಯುತ್ತಿದ್ದ ಕೈ ಅದನ್ನೂ ಹಿಡಿಯಿತು. ಎರಡು ಬಿಲ್ಲೆ ಹಾಕಿಕೊಂಡು ನೀರಿಗಿಳಿದೆ.

ತೇಲುವ ಒಂದು ದೊಡ್ಡ ಬಳೆ, ಅದರ ಸುತ್ತ ಹಗ್ಗ, ಕೆಳಮುಖವಾಗಿ ಉರಿಯುವ ದೀಪಗಳು. ನಾವು ಹಗ್ಗ ಹಿಡಿದು, ಉಸಿರಿನ ಕೊಳವೆ ಕಚ್ಚಿ, ನೀರಿಗೆ ಮುಖವಿಟ್ಟು ಮಲಗಿದೆವು. ಬೆಳಕಿಗೆ ಹಿಟ್ಟಿನಂಥ ಸಣ್ಣ ಜೀವಿಗಳು ಮುತ್ತಿಕೊಂಡವು. ಅರ್ಧ ಗಂಟೆ ಕಾದ ಮೇಲೆ ಕತ್ತಲೊಳಗಿಂದ ಅದು ಬಂತು. ನಮ್ಮೂರ ಕಂಬಳಿಯನ್ನು ಇಬ್ಬರು ಹಿಡಿದು ಕೊಡವಿದಂತೆ ರೆಕ್ಕೆ ಆಡಿಸುತ್ತ, ಮೊರದಷ್ಟು ಅಗಲದ ಬಾಯಿ ತೆರೆದು, ನನ್ನ ಎದೆಯ ಕೆಳಗೆ ಒಂದು ಗೇಣು ಅಂತರದಲ್ಲಿ ಮಗುಚಿ, ಬಿಳಿ ಹೊಟ್ಟೆ ತೋರಿಸಿ ಹೋಯಿತು. ಅಮ್ಮ ಸತ್ತ ಮೇಲೆ ಮೊದಲ ಸಲ ನನಗೆ ಏನೂ ನೆನಪಿರಲಿಲ್ಲ. ಒಂದೆರಡು ನಿಮಿಷ ಅಷ್ಟೆ.

ಮೂರ್ತಿ ಹಗ್ಗ ಬಿಟ್ಟಿದ್ದ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಮೀನಿನ ಹಿಂದೆ ಹೋಗಿದ್ದ. ನಾನು ದೋಣಿ ಹತ್ತಿ ಆಚೆ ಬದಿಗೆ ಬಂದಾಗ, ಸೆಳೆತದಲ್ಲಿ ಬಹಳ ದೂರ ಹೋಗಿಬಿಟ್ಟಿದ್ದ ಅವನ ಜಾಕೆಟ್ಟಿನ ಪುಟ್ಟ ದೀಪ ಕಂಡಿತು. ಆ ಬದಿಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಮೋನುಚ್ಚ ಇನ್ನೂ ಈಚೆ ನೀರಿನಲ್ಲಿ ಬಳೆ ಎಳೆಯುತ್ತಿದ್ದರು. ನಾನು ಹಲಗೆಯ ಬಳಿ ಹೋದೆ. ಹನ್ನೆರಡನ್ನು ಸಿಕ್ಕಿಸಿದೆ. ಹನ್ನೊಂದನ್ನೂ ಸಿಕ್ಕಿಸಿದೆ.

ಕೈ ತಪ್ಪಿ ಆಯಿತೆಂದು ಹೇಳುವುದಿಲ್ಲ. ಅವನು ಸಾಯಲಿ ಎಂದುಕೊಂಡೆನೇ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವನು ಕಾಯಲಿ ಎಂದುಕೊಂಡೆ. ದೂರವಾಗುವ ದೋಣಿಯ ದೀಪ ನೋಡುತ್ತ, ಬರಬೇಕಾದವರು ಬಾರದಿದ್ದರೆ ಹೇಗಿರುತ್ತದೆಂದು ಅವನಿಗೂ ತಿಳಿಯಲಿ ಎಂದುಕೊಂಡೆ.

ಸೈದು ತುಂಬಿದ ಹಲಗೆ ನೋಡಿ ಇಂಜಿನ್ನಿಗೆ ಕೈ ಹಾಕಿದ. ಅಷ್ಟರಲ್ಲಿ ಮೋನುಚ್ಚ ಏಣಿ ಹತ್ತಿ ಬಂದು, ಮೈ ಒರೆಸಿಕೊಳ್ಳುವ ಮೊದಲೇ ತಲೆ ಮುಟ್ಟಲು ಶುರು ಮಾಡಿದರು. ಹದಿನೈದಕ್ಕೆ ತಲೆಗಳು ಮುಗಿದವು. ಹಲಗೆ ನೋಡಿದರು. ಯಾರಿಲ್ಲ ಎಂದು ಕೇಳಲಿಲ್ಲ. ಟಾರ್ಚನ್ನು ಒಬ್ಬೊಬ್ಬರ ಮಣಿಕಟ್ಟಿನ ಮೇಲೆ ಬಿಡುತ್ತ ಬಂದವರು ನನ್ನಲ್ಲಿ ನಿಂತರು. ಎರಡು ರಬ್ಬರಿನ ಎರಡು ಗೀರು ಇನ್ನೂ ಕೆಂಪಗಿದ್ದವು. ಹನ್ನೊಂದನೆಯ ಬಿಲ್ಲೆಯನ್ನು ಮೊಳೆಯಿಂದ ತೆಗೆದು ನನ್ನ ಅಂಗೈಯಲ್ಲಿಟ್ಟು, ಜೀವನದಲ್ಲಿ ಮೊದಲ ಸಲವೋ ಏನೋ, ಮೆಲ್ಲಗೆ ಹೇಳಿದರು: “ಬಾ. ಇಳಿ.”

ಎಲ್ಲಿ ಎಂದು ನಾನೇ ಬೆರಳು ತೋರಿಸಬೇಕಾಯಿತು. ಈಜುತ್ತ ಹತ್ತಿರವಾದಂತೆ ದನಿ ಕೇಳಿಸಿತು. ಮೂರ್ತಿ ‘ಅಮ್ಮಾ’ ಎಂದು ಕೂಗುತ್ತಿದ್ದ, ಐವತ್ತರ ಗಂಡಸು. ಕರುಣೆ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಕೂಗಲಿ, ಇನ್ನಷ್ಟು ಕೂಗಲಿ ಅನ್ನಿಸಿತು. ಮೋನುಚ್ಚ ಅವನನ್ನು ಮುಟ್ಟಲೂ ಇಲ್ಲ. ಟಾರ್ಚು ಹಿಡಿದು ಪಕ್ಕಕ್ಕೆ ಸರಿದು, “ನೀನೇ ಹಿಡಿ,” ಎಂದರು. ಮೂರ್ತಿ ಎರಡೂ ಕೈಯಿಂದ ನನ್ನ ಕೊರಳಿಗೆ ಜೋತುಬಿದ್ದ. ದೋಣಿಯವರೆಗೆ ಅವನ ಅಳುವನ್ನು ನನ್ನ ಕಿವಿಯಲ್ಲಿ ಹೊತ್ತು ತಂದೆ.

ಮತ್ತೆ ಎಣಿಕೆ. ಮೂರ್ತಿಯ ತಲೆಯ ಮೇಲೆ ಕೈಯಿಟ್ಟು ‘ಹನ್ನೊಂದು’ ಎಂದರು. ಪಕ್ಕದಲ್ಲಿದ್ದ ನನ್ನನ್ನು ದಾಟಿ, ಆಚೆಯವನ ತಲೆಗೆ ಹೋಗಿ ‘ಹದಿಮೂರು’ ಎಂದರು. ಕೊನೆಗೆ ಸೈದುವಿನ ಮುಖಕ್ಕೆ ಹದಿನೇಳು.

ಜೆಟ್ಟಿಯಲ್ಲಿ ಎಲ್ಲರೂ ಬಸ್ಸಿಗೆ ಹೋದ ಮೇಲೆ ನನ್ನನ್ನು ನಿಲ್ಲಿಸಿ ಹದಿನೇಳು ಯಾರೆಂದು ಹೇಳಿದರು. ಅವರ ಸ್ವಂತ ತಮ್ಮ. ಇದೇ ದೋಣಿಯಲ್ಲಿ ಕೆಲಸಕ್ಕಿದ್ದ. ಒಂದು ರಾತ್ರಿ ಅವನು ನೀರಿನಲ್ಲಿದ್ದಾಗಲೇ ಅವನ ಬಿಲ್ಲೆಯನ್ನು ಯಾರೋ ಹಲಗೆಗೆ ಹಾಕಿದ್ದರು. ಸೈದು ಹಲಗೆ ನೋಡಿ ದೋಣಿ ತಿರುಗಿಸಿದ. ತಮ್ಮ ಎರಡು ದಿನದ ನಂತರ ಮೀನುಗಾರರಿಗೆ ಸಿಕ್ಕಿದ, ಹೆಣವಾಗಿ. ಸೈದು ಬೇರೆ ಯಾರೂ ಅಲ್ಲ, ಮೋನುಚ್ಚನ ತಂಗಿಯ ಗಂಡ. ಹೊಡೆಯುವಂತಿಲ್ಲ, ಬಿಡುವಂತಿಲ್ಲ. ಹಾಗಾಗಿ ಅವನಿದ್ದ ದೋಣಿಗೇ ಬಂದು ಸೇರಿ, ಪ್ರತಿ ರಾತ್ರಿ ಅವನಿಗೆ ಕೇಳುವಂತೆ ಒಂದು ತಲೆ ಹೆಚ್ಚು ಎಣಿಸುತ್ತಿದ್ದರು.

“ಬಿಲ್ಲೆ ಹಾಕಿದವ ಯಾರಂತ ಇವತ್ತಿನವರೆಗೂ ಗೊತ್ತಾಗ್ಲಿಲ್ಲ ನನಗೆ,” ಎಂದರು. “ಹುಡುಕಿ ಸಾಕಾಯ್ತು. ಇವತ್ತು ನೀನು ಸಿಕ್ಕಿದೆ.”

ಮಾರನೆಯ ಶುಕ್ರವಾರದಿಂದ ನನ್ನ ಶಿಕ್ಷೆ ಶುರುವಾಯಿತು. ನಾವಿಬ್ಬರೂ ಸಲ್ವಾ ಬಡಾವಣೆಯ ಒಂದೇ ಚಾದಂಗಡಿಯ ಗಿರಾಕಿಗಳು. ಅವರು ಬಂದು ಎದುರು ಕೂತು, ಸಲಾಮಿಲ್ಲ, ಕುಶಲವಿಲ್ಲ, “ಹನ್ನೊಂದು,” ಎನ್ನುತ್ತಿದ್ದರು, ಅಂಗಡಿಗೆಲ್ಲ ಕೇಳುವಂತೆ. ಆಮೇಲೆ ಇಬ್ಬರಿಗೂ ಚಾ ಹೇಳಿ, ನನ್ನ ಗ್ಲಾಸಿಗೆ ಸಕ್ಕರೆ ಕಲಕಿ ಕೊಟ್ಟು, ಉಳ್ಳಾಲದ ಸುದ್ದಿ ಹೇಳುತ್ತಿದ್ದರು. ಅಂಗಡಿಯ ಭಾಯಿ ಅದು ನನ್ನ ಹೆಸರೆಂದೇ ತಿಳಿದಿದ್ದ. ನಾನು ಬೇರೆ ಅಂಗಡಿಗೆ ಹೋಗಬಹುದಿತ್ತು, ಹೋಗಲಿಲ್ಲ. ನಾನು ಮಾಡಿದ್ದು ಗೊತ್ತಿದ್ದ ಮನುಷ್ಯ ಇಡೀ ಕುವೈತಿನಲ್ಲಿ ಅವರೊಬ್ಬರೇ.

ಆಫೀಸಿನಲ್ಲಿ ಇದಕ್ಕಿಂತ ಕೆಟ್ಟದ್ದು ಕಾದಿತ್ತು. ನಾನು ಪ್ರಾಣ ಉಳಿಸಿದವನೆಂದು ಮೂರ್ತಿ ಬಂದವರಿಗೆಲ್ಲ ಹೇಳತೊಡಗಿದ. ಉಳಿದವರಿಗೆ ಅವನು ಅದೇ ಮೂರ್ತಿಯಾಗಿಯೇ ಉಳಿದ. ನನಗೆ ಮಾತ್ರ ಬೆನ್ನು ತಟ್ಟುತ್ತಿದ್ದ. ಅಮ್ಮನ ವರ್ಷಾಂತಿಕಕ್ಕೆ ರಜೆ ಕೇಳಿದಾಗ, ಕೇಳಿದ ನಿಮಿಷಕ್ಕೆ ಒಪ್ಪಿಗೆ ಒತ್ತಿ, “ತಾಯಿ ಕೆಲಸ ಅಂದ್ರೆ ಮೊದ್ಲು ಕಣಯ್ಯ,” ಎಂದ. ಅವನ ಮುಖಕ್ಕೆ ಹೊಡೆಯಬೇಕೆನಿಸಿತು. ಅದನ್ನು ಮೋನುಚ್ಚನಿಗೆ ಹೇಳಿದೆ. ಚಾದ ಗ್ಲಾಸು ಕೆಳಗಿಟ್ಟು ಹೇಳಿದರು: “ದ್ವೇಷ ಇರ್ಲಿ ಮಾರಾಯ, ನನಗೂ ಉಂಟು. ಆದ್ರೆ ಯಾರ ಮೇಲೆ ದ್ವೇಷ ಉಂಟೋ ಅವನ ತಲೆ ಮೊದ್ಲು ಎಣಿಸ್ಬೇಕು.”

ಆಮೇಲೆ ಸೈದುವಿಗೆ ಎದೆನೋವು ಬಂತು, ಕೆಲಸ ಬಿಟ್ಟು ಊರಿಗೆ ಹೋದ. ಹೊಸಬನೊಬ್ಬ ದೋಣಿ ಓಡಿಸತೊಡಗಿದ. ಮೋನುಚ್ಚ ಹದಿನಾರಕ್ಕೇ ನಿಲ್ಲಿಸುತ್ತಿದ್ದರು. ಇವನಿಗೆ ಹೇಳಿ ಎಂತ ಪ್ರಯೋಜನ ಎನ್ನುತ್ತಿದ್ದರು. ಎರಡು ತಿಂಗಳಲ್ಲಿ ಅವರೂ ಕೆಲಸ ಖಲಾಸ್ ಮಾಡಿ ಊರಿಗೆ ಹೊರಟರು.

ಹೊರಡುವ ದಿನ ಅವರ ಕೋಣೆಗೆ ಹೋದೆ. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಗಂಟಿನ ಮೇಲೆ ಬೆರಳಿಟ್ಟು ಹಿಡಿದೆ. ಊರಲ್ಲಿ ಸೈದುವನ್ನು ನೋಡುತ್ತೀರಾ ಎಂದು ಕೇಳಿದೆ. ತಂಗಿಯ ಮನೆಯಲ್ಲವಾ, ಹೋಗಬೇಕು, ಹೋದರೆ ಹದಿನೇಳು ಹೇಳಬೇಕು ಎಂದರು. ನಗಲಿಲ್ಲ. “ನಿನ್ನ ಮೂರ್ತಿ?” ಎಂದು ಕೇಳಿದರು. ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ ಎಂದೆ. ತಲೆಯಾಡಿಸಿದರು. ಕೆಳಗೆ ಟ್ಯಾಕ್ಸಿ ಹಾರನ್ ಮಾಡಿತು.

ಪೆಟ್ಟಿಗೆ ಇಳಿಸಿ ಡಿಕ್ಕಿಯಲ್ಲಿಟ್ಟೆ. ‘ಹನ್ನೊಂದು’ ಕೇಳಿಸಿಕೊಳ್ಳಲು ಸಿದ್ಧನಾಗಿ ನಿಂತೆ. ಅವರು ಹತ್ತಿರ ಬಂದು, ಎಷ್ಟೋ ತಿಂಗಳ ಹಿಂದೆ ದಾಟಿ ಹೋಗಿದ್ದ ನನ್ನ ನೆತ್ತಿಯ ಮೇಲೆ ಅಂಗೈ ಊರಿ, ಅಲ್ಲೇ ಒಂದಿಷ್ಟು ಹೊತ್ತು ಬಿಟ್ಟರು.

“ಹನ್ನೆರಡು,” ಎಂದು ಹೇಳಿ ಟ್ಯಾಕ್ಸಿ ಹತ್ತಿದರು.