ವಿಷದ ಚೂರಿಯ ಗೀರು

ಗೋಪನಕೊಪ್ಪದಲ್ಲಿ ಚೂರಿ, ಕತ್ತರಿಗಳಿಗೆ ಸಾಣೆ ಹಿಡಿಯುವ ಬಂದೇನವಾಜ ಮಹಾ ಸಂಶಯದ ಮನುಷ್ಯ. ತಾನೇ ಹರಿತ ಮಾಡಿದ ಚೂರಿಯನ್ನೂ ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡದೆ ಗಿರಾಕಿಗೆ ಕೊಟ್ಟವನಲ್ಲ. ಅಂಥವನು ಟಿವಿಯಲ್ಲಿ ಆಡುವ ಕಾಳಗದ ವಿಡಿಯೋ ಗೇಮಿನಲ್ಲಿ ಹೆಂಡತಿ ಶಾಹೀನಳ ಕೈಯಲ್ಲಿ ದಿನಾ ಸೋಲುತ್ತಿದ್ದ. ಆಕೆ ವಿಷದ ಚೂರಿಯಿಂದ ಒಮ್ಮೆ ಗೀರಿ ದೂರ ಹೋಗಿ ನಿಲ್ಲುತ್ತಿದ್ದಳು. ತೆರೆಯ ಮೇಲೆ ಇವನ ಜೀವದ ಹಸಿರು ಪಟ್ಟಿ ತಾನಾಗಿಯೇ ಕರಗುತ್ತಾ ಹೋಗುತ್ತಿತ್ತು.

"ಏನೋ ಮೋಸ ಐತಿ ಇದ್ರಾಗ!" ಅವಳ ಕೈಯಿಂದ ರಿಮೋಟ್ ಕಸಿದುಕೊಂಡು ಹಿಂದೆ ಮುಂದೆ ತಿರುವಿ ನೋಡಿದ. "ಚೂರಿ ತಗದ ಮ್ಯಾಲೂ ಹೆಂಗ ಕೊಯ್ತೈತಿ?"

"ಫೋನಿನ್ಯಾಗ ಯಾರ ಜೋಡಿ ನಗಾಕತ್ತಿದ್ದಿ ಅಂತ ಮೊನ್ನೆ ಕೇಳಿದ್ರಲ್ಲ," ಅಂದಳು ಶಾಹೀನ, "ನೀವು ಕೇಳಿ ಮರತಬಿಟ್ರಿ. ನನಗ ಇನ್ನೂ ಕೊಯ್ಯಾಕತ್ತೈತಿ."