ಆಮೋಸ್ ಅಂಕಲ್ ಕೇಳಿದ ಎತ್ತರದ ಮನೆ

ಎಲ್ಲೇ ಹೊಸ ಮನೆಗೆ ಕಾಂಕ್ರೀಟ್ ತಳ ಹಾಕಲು ಹೋದರೂ ಆಮೋಸ್ ಅಂಕಲ್ ಮೊದಲು ಕೇಳುತ್ತಿದ್ದದ್ದು, "ಸಮುದ್ರ ಯಾವ ಕಡೆ?" ಎಂದು. ಸಿಡ್ನಿಯ ರೌಸ್ ಹಿಲ್‌ನಲ್ಲಿ, ಉಪ್ಪುಗಾಳಿಯೂ ಬಾರದ ಜಾಗದಲ್ಲಿ, ಮೊದಲ ದಿನ ಈ ಪ್ರಶ್ನೆ ಕೇಳಿ ನಾನು ನಕ್ಕಿದ್ದೆ. ಅವರು ನಗಲಿಲ್ಲ. ಪೂರ್ವಕ್ಕೆ ತಿರುಗಿ ಒಂದು ನಿಮಿಷ ನಿಂತು, ಆಮೇಲೆ ಹೆಗಲಿನಿಂದ ಮಟ್ಟ ನೋಡುವ, ನೀರು ತುಂಬಿದ ಲೆವೆಲ್ ಪೈಪು ಇಳಿಸಿದರು. ಲೇಸರ್ ಮಿಷನ್ ಇದ್ದರೂ ಅವರಿಗೆ ಪೈಪೇ ಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನಾನು ಮೇಸ್ತ್ರಿ ಕೆಲಸ ಕಲಿತದ್ದೂ ಅಂಥದೇ ಪೈಪಿನಲ್ಲಿ. ಹೇಳಿಸಿಕೊಳ್ಳದೆ ಇನ್ನೊಂದು ತುದಿ ಹಿಡಿದೆ. ಹಾಗೆ ಜೊತೆಯಾದೆವು.

ಅವರು ಆಸ್ಟ್ರೇಲಿಯಾದ ಉತ್ತರದ ತುದಿಯಾಚೆ ಇರುವ ಒಂದು ಸಣ್ಣ ದ್ವೀಪದವರು. ಇದ್ದಿಲಿನಂಥ ಕಪ್ಪು ಬಣ್ಣ, ಬೆಳ್ಳಗಿನ ಗುಂಗುರು ಕೂದಲು. ಹಿರಿಯರನ್ನು ಅಂಕಲ್ ಎನ್ನುವುದು ಅವರ ಜನರ ರೂಢಿ. ನಮ್ಮ ಮಗಳೂ ನಮ್ಮ ರೂಢಿಯಂತೆ ಹಾಗೇ ಕರೆದಾಗ ಅವರಿಗೆ ಬಹಳ ಖುಷಿಯಾಗಿತ್ತು. ನಮ್ಮಿಬ್ಬರ ಇಂಗ್ಲಿಷೂ ಸೈಟಿನಲ್ಲಿ ಕಲಿತದ್ದು. ಅವರ ಮಾತು ನನ್ನ ಕಿವಿಯಲ್ಲಿ ಉಳಿದಿರುವುದು ಮಾತ್ರ ಕನ್ನಡದಲ್ಲೇ.

ಒಂದು ಮಧ್ಯಾಹ್ನ ನನ್ನ ಡಬ್ಬಿಯ ಬಂಗುಡೆ ಗಸಿ ತಿನ್ನುತ್ತಾ, "ನಿನ್ನ ಊರಲ್ಲೂ ಸಮುದ್ರ ಇದೆ ಅಂದೆಯಲ್ಲ, ಸುಮ್ಮನಿರುತ್ತಾ?" ಎಂದು ಕೇಳಿದರು. ಕಡಲ್ಕೊರೆತದ ಕಥೆ ಹೇಳಿದೆ. ಉಳ್ಳಾಲದಲ್ಲಿ ಒಂದು ಮಳೆಗಾಲ ನಮ್ಮ ಮನೆಯನ್ನು ಕಡಲು ಎಳೆದುಕೊಂಡಿತು. ಅಪ್ಪ ನನ್ನನ್ನು ಕರೆದುಕೊಂಡು ಗುಡ್ಡದ ಮೇಲೆ ಬಾಡಿಗೆ ಮನೆ ಕೇಳಲು ಹೋದರು. ಯಜಮಾನ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಬೇರೆಯವರಿಗೆ ಮಾತು ಕೊಟ್ಟಾಗಿದೆ" ಎಂದ. ಆ ಮನೆಯ ಬೀಗ ಆರು ತಿಂಗಳು ತೆಗೆಯಲಿಲ್ಲ.

"ನಿನ್ನ ಅಪ್ಪ ಏನಂದ?"

"ಸರಿ ಅಂದರು."

"ನಾವೂ ಅಷ್ಟೇ ಅನ್ನೋದು," ಎಂದು ಮೀನಿನ ಮುಳ್ಳು ಬಿಡಿಸಿದರು.

ಮೆಲ್ಬರ್ನಿನ ಕಡಲಂಚಿನ ಪಾಯಿಂಟ್ ಕುಕ್‌ನಲ್ಲಿ ಮನೆಗಳು ಸಾಲುಸಾಲಾಗಿ ಏಳತೊಡಗಿದಾಗ ಇಬ್ಬರೂ ಸಿಡ್ನಿ ಬಿಟ್ಟು ಅಲ್ಲಿಗೆ ಬಂದೆವು. ಅಲ್ಲಿ ಅವರು ಸಮುದ್ರದ ದಿಕ್ಕು ಕೇಳಲಿಲ್ಲ. "ಇಲ್ಲಿ ಅದೇ ನಮ್ಮನ್ನ ಹುಡುಕಿಕೊಂಡು ಬರುತ್ತೆ," ಎಂದರು. ಅವರಿದ್ದದ್ದು ಹಳ್ಳದ ಪಕ್ಕದ ಹಳೇ ಮನೆ. ಕಡಲಿನ ಭರತ ಏರಿದರೆ ಹಿತ್ತಿಲಲ್ಲಿ ನೀರು. ಆ ವರ್ಷ ದ್ವೀಪದಿಂದ ತಂಗಿಯ ಫೋನು ಬಂತು. ಸಮುದ್ರ ಅಡುಗೆಮನೆಗೆ ಬಂದಿದೆ, ಅಜ್ಜನ ಗೋರಿಗೂ ಬಂದಿದೆ, ನಾವು ಹೊರಡುತ್ತೇವೆ ಎಂದು. ತಾಯಿಯೂ ಸೇರಿ ಎಂಟು ಜನ.

"ನೀರಿಂದ ಎದ್ದು ಬಂದವರನ್ನ ಮತ್ತೆ ನೀರಲ್ಲೇ ಇಡಲಾ?" ಎಂದರು ಆಮೋಸ್ ಅಂಕಲ್. " ಎತ್ತರದ ಜಾಗದ ಮನೆ ಫೋನಲ್ಲಿ ಕೇಳಿದಾಗ ಖಾಲಿ ಇರುತ್ತೆ ಕಣೋ. ನನ್ನ ಮುಖ ನೋಡಿದ ಮೇಲೆ ಇರಲ್ಲ."

ಅದೇ ಹೊತ್ತಿಗೆ ನಾನು ಡ್ಯಾಂಡಿನಾಂಗ್ ಪಕ್ಕದ ದಿಬ್ಬದ ಮೇಲೆ ಬಾಡಿಗೆಗೆಂದು ಒಂದು ಮನೆ ಕಟ್ಟಿಸಿದ್ದೆ. ಶಾಲೆ ಬಿಟ್ಟವನ ಎರಡನೇ ಮನೆ, ಎಲ್ಲರಿಗೂ ತೋರಿಸಿದ್ದೆ. ಅದರ ತಳದ ಮಟ್ಟ ನೋಡಿದ್ದು ಆಮೋಸ್ ಅಂಕಲ್, ಭಾನುವಾರಗಳಲ್ಲಿ, ಪುಕ್ಕಟೆ. ಕೀಲಿ ಕೈಗೆ ಬಂದ ದಿನ ಕೇಳಿದರು: "ನಮಗೆ ಕೊಡ್ತೀಯಾ? ಎಲ್ಲರ ಹಾಗೆ ಬಾಡಿಗೆ ಕಟ್ತೀವಿ."

"ಮನೇಲಿ ಒಂದು ಮಾತು ಕೇಳ್ತೇನೆ," ಎಂದೆ.

ಆ ಭಾನುವಾರ ಊಟಕ್ಕೆ ಬಂದಿದ್ದ ನಮ್ಮ ಊರಿನ ಶೆಟ್ಟರು ವಿಷಯ ತಿಳಿದು, ಕೈ ತೊಳೆಯುತ್ತಲೇ ಶುರು ಮಾಡಿದರು. "ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ? ಕಪ್ಪು ಜನ. ಒಬ್ಬರು ಬಂದರೆ ನೆಂಟರೆಲ್ಲ ಬರ್ತಾರೆ. ಆ ಬೀದಿಯಲ್ಲಿ ನಿಮ್ಮ ಮರ್ಯಾದೆ ಎಂತದು?"

"ನಾವು ಬಂದದ್ದೂ ಹಾಗೇ ಅಲ್ವಾ?" ಎಂದಳು ನನ್ನ ಹೆಂಡತಿ. "ನನ್ನ ಅಣ್ಣನ ಎರಡು ರೂಮಿನ ಮನೆಯಲ್ಲಿ ನಾವು ಎಂಟು ತಿಂಗಳು ಇರಲಿಲ್ವಾ, ಶೆಟ್ರೇ?"

ನಾನು ಅವಳ ಮಾತು ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ಸೈಟಿನಲ್ಲಿ, ಪೈಪಿನ ನನ್ನ ತುದಿಯ ನೀರನ್ನೇ ನೋಡುತ್ತಾ ಹೇಳಿದೆ: "ಅಂಕಲ್, ಬೇರೆಯವರಿಗೆ ಮಾತು ಕೊಟ್ಟಾಗಿದೆ."

ಆ ಮಾತು ಯಾರದೆಂದು ಅವರಿಗೆ ಗೊತ್ತಿತ್ತು. ತುದಿಯಿಂದ ಕೈ ತೆಗೆಯದೆ, "ಸರಿ," ಎಂದರು. ತಮ್ಮ ತುದಿಯ ನೀರು ನೋಡಿ, "ನಿನ್ನ ಕಡೆ ಅರ್ಧ ಇಂಚು ಎತ್ತು." ಆ ದಿನದ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ.

ಎರಡು ತಿಂಗಳಾದ ಮೇಲೆ, ದ್ವೀಪದಿಂದ ಬಂದವರನ್ನೆಲ್ಲ ಕರೆದುಕೊಂಡು, ಅವರು ಒಳನಾಡಿನ ಶೆಪರ್ಟನ್‌ಗೆ ಹೊರಟರು. ಅಲ್ಲಿ ಹಣ್ಣಿನ ತೋಟದ ಕೆಲಸ, ಚರ್ಚಿನವರು ಹುಡುಕಿಕೊಟ್ಟ ಮನೆ. ಅಲ್ಲಿಂದ ಸಮುದ್ರಕ್ಕೆ ಎರಡು ಮೂರು ಗಂಟೆಯ ದಾರಿ. "ಅಮ್ಮನಿಗೆ ಅಲೆಯ ಸದ್ದಿಲ್ಲದೆ ನಿದ್ದೆ ಬರಲ್ಲ. ಕಲಿಯಬೇಕು," ಎಂದರು. ವ್ಯಾನಿಗೆ ಹಾಸಿಗೆ ಕಟ್ಟಲು ನಾನು ಹಗ್ಗ ಹಿಡಿದಿದ್ದೆ.

"ನಿನ್ನ ಆ ಮನೆಗೆ ಬಾಡಿಗೆಗೆ ಬಂದವರು ಹೇಗಿದ್ದಾರೆ?"

"ಒಳ್ಳೆಯವರು," ಎಂದೆ.

"ಮೊನ್ನೆ ಆ ಕಡೆ ಹೋಗಿದ್ದೆ. ಬಾಡಿಗೆಗಿದೆ ಅನ್ನೋ ಬೋರ್ಡು ತೆಗೆಯೋಕೆ ಮರೆತಿದ್ದೀಯ. ತೆಗೆದುಬಿಡು. ಒಳಗಿರೋರಿಗೆ ಬೇಜಾರಾಗುತ್ತೆ."

ಭುಜ ತಟ್ಟಿ ವ್ಯಾನು ಹತ್ತಿದರು. ಮತ್ತೆ ಅವರನ್ನು ನೋಡಲಿಲ್ಲ.

ಆ ಸಂಜೆಯೇ ಹೋಗಿ ಬೋರ್ಡು ಕಿತ್ತೆ. ಮನೆಯೊಳಗೆ ಇನ್ನೂ ಯಾರೂ ಇರಲಿಲ್ಲ.